ನಮ್ಮನೆ ದೀಪ, ಜಯಕ್ಕನ ಸೇವಂತಿಗೆ

ಸೇವಂತಿಗೆ ಎಲೆಗೆ ಒಂದು ವಾಸನೆ ಇದೆ, ಗಮನಿಸಿದ್ದೀರಾ? ಹೂವಿನದಲ್ಲ, ಎಲೆಯದು. ಸ್ವಲ್ಪ ಕಹಿ, ಸ್ವಲ್ಪ ಕರ್ಪೂರದ ಹಾಗೆ. ಸೋಪು ಹಾಕಿ ತೊಳೆದರೂ ಉಗುರಿನ ಸಂದಿಯಲ್ಲಿ ಉಳಿದುಬಿಡುತ್ತದೆ. ಇವತ್ತು ಮುಸ್ಸಂಜೆ ದೇವರಿಗೆ ದೀಪ ಹಚ್ಚಿ, ಹೊರಗಿನ ಲೈಟಿನ ಸ್ವಿಚ್ಚಿಗೆ ಕೈ ಹಾಕಿದೆ, ಆ ವಾಸನೆ ಬಂತು. ಮಧ್ಯಾಹ್ನ ಜಯಕ್ಕನ ಜೊತೆ ಕೂತು ಗಿಡಗಳ ಬುಡದಲ್ಲಿ ಒಣಗಿದ ಎಲೆ ಕಿತ್ತಿದ್ದೆನಲ್ಲ, ಅದು. ಬೆರಳು ಸ್ವಿಚ್ಚಿನ ಮೇಲೇ ನಿಂತಿತು. ಇವತ್ತಿಂದ ಆ ಲೈಟು ಹಾಕುವಂತಿಲ್ಲ, ಜಯಕ್ಕನ ಅಪ್ಪಣೆಯಾಗಿದೆ.

ನಮ್ಮನೆ ಲೈಟಿಗೆ ಜಯಕ್ಕನ ಅಪ್ಪಣೆ ಯಾಕೆ ಅಂತ ನೀವು ಕೇಳುತ್ತೀರಿ. ಅದಕ್ಕೆ ಮನೆ ಕಟ್ಟಿಸಿದ ದಿನಗಳಿಗೆ ಹೋಗಬೇಕು.

ಆವತಿಯಲ್ಲಿ, ಊರಿನ ಅಂಚಿಗೆ, ಬೆಟ್ಟ ಕಾಣುವ ಹಾಗೆ ಮನೆ ಏಳುತ್ತಿತ್ತು. ನಮ್ಮ ಯಜಮಾನರ ಜೊತೆ ಕೆಲಸ ಮಾಡಿದವರೊಬ್ಬರ ಮಗಳು ತಸ್ನೀಮ್, ದೇವನಹಳ್ಳಿಯ ಹುಡುಗಿ, ಒಂದು ಭಾನುವಾರ ನೋಡಲು ಬಂದಳು. ಬೆಂಗಳೂರಲ್ಲಿ ಹೋಟೆಲು, ಆಫೀಸುಗಳಿಗೆ ಯಾವ ದೀಪ ಎಲ್ಲಿರಬೇಕು ಅಂತ ನಕ್ಷೆ ಬರೆಯುವುದು ಅವಳ ಕೆಲಸ. ಅಂಥದ್ದೂ ಒಂದು ಕೆಲಸ ಇದೆ ಅಂತ ನನಗೆ ಗೊತ್ತಾಗಿದ್ದೇ ಆವಾಗ. ರೂಮಿಗೊಂದು ಟ್ಯೂಬ್‌ಲೈಟು, ಬಚ್ಚಲಿಗೊಂದು ಬಲ್ಬು, ಮುಗೀತಲ್ಲ ಅಂದುಕೊಂಡಿದ್ದವಳು ನಾನು.

"ಆಂಟಿ, ತರಕಾರಿ ಎಲ್ಲಿ ನಿಂತು ಹೆಚ್ತೀರಾ?" ಅಂದಳು. ನನ್ನನ್ನು ಹಾಗೆ ಯಾರೂ ಕೇಳಿರಲಿಲ್ಲ. ಆಗ ನಾವಿದ್ದ ಬಾಡಿಗೆ ಮನೆಗೆ ಕರೆದುಕೊಂಡು ಹೋಗಿ ಅಡುಗೆಕಟ್ಟೆ ಮುಂದೆ ನಿಂತು ತೋರಿಸಿದೆ. "ನೋಡಿ, ಲೈಟು ನಿಮ್ಮ ಬೆನ್ನಿಗಿದೆ. ನಿಮ್ಮ ನೆರಳು ನಿಮ್ಮ ಕೈ ಮೇಲೇ ಬೀಳ್ತಿದೆ." ನಿಜವಾಗಿಯೂ ಬೀಳುತ್ತಿತ್ತು. ಮದುವೆಯಾದಾಗಿನಿಂದ ನಾನು ನನ್ನ ನೆರಳಲ್ಲೇ ಹುರುಳಿಕಾಯಿ ಹೆಚ್ಚಿಕೊಂಡು ಬಂದಿದ್ದೆ. ಹೊಸ ಮನೆಯಲ್ಲಿ ಅವಳು ಶೆಲ್ಫಿನ ಕೆಳಗೆ, ಕಣ್ಣಿಗೆ ಹೊಡೆಯದ ಹಾಗೆ, ಉದ್ದಕ್ಕೆ ಒಂದು ಲೈಟು ಕೂರಿಸಿದಳು. ಮೊದಲ ದಿನ ಅದರ ಬೆಳಕಲ್ಲಿ ಬದನೆಕಾಯಿ ಹೆಚ್ಚುವಾಗ, ಇಷ್ಟು ವರ್ಷ ಮನೆಯವರಿಗೆಲ್ಲ ಎಷ್ಟು ಹುಳ ತಿನ್ನಿಸಿದ್ದೇನೋ ಅಂತ ಗಾಬರಿಯಾಯಿತು. ಯಾರಿಗೂ ಹೇಳಲಿಲ್ಲ.

ಒಳಗಿನದು ಮುಗಿದ ಮೇಲೆ ಕೇಳಿದಳು, "ಹೊರಗಡೆ ಕತ್ತಲೆ ಎಲ್ಲೆಲ್ಲಿ ಬೇಕು ಆಂಟಿ?"

ನಮ್ಮ ಯಜಮಾನರು ನಕ್ಕರು. "ಕತ್ತಲೆಗೂ ಪ್ಲಾನ್ ಏನಮ್ಮಾ? ಅದು ಪುಕ್ಕಟೆ ಸಿಗುತ್ತೆ."

ಅವಳ ನಕ್ಷೆಯಲ್ಲಿ ಹೊರಗೆ ಇದ್ದದ್ದು ಇಷ್ಟೇ: ಮೆಟ್ಟಿಲಿನ ಪಕ್ಕದಲ್ಲಿ ನೆಲ ನೋಡುವ ಪುಟ್ಟ ದೀಪಗಳು, ಗೇಟಿಗೆ ಟೋಪಿ ಹಾಕಿದಂಥ ಒಂದು ದೀಪ. ಪಕ್ಕದ ಕಾಂಪೌಂಡಿಗೆ ಏನೂ ಇಲ್ಲ. ನಾವು ತಲೆಯಾಡಿಸಿದೆವು. ಅವಳು ಆ ಕಡೆ ಹೋದ ಮೇಲೆ ಈ ಕಡೆ ಮೂರು ಫ್ಲಡ್‌ಲೈಟ್ ತಂದು ಕಾಂಪೌಂಡಿನ ಮೇಲೆ ನಿಲ್ಲಿಸಿದೆವು. ಗೃಹಪ್ರವೇಶಕ್ಕೆ ಬಂದವರಿಗೆ ಮನೆ ಎದ್ದು ಕಾಣಬೇಡವೇ ಅಂತ ಯಜಮಾನರ ವಾದ. ಪೂರಾ ಅವರ ತಲೆಗೆ ಕಟ್ಟಲಾರೆ, ನನಗೂ ಆಸೆಯಿತ್ತು.

ಆ ಕಾಂಪೌಂಡಿನ ಆಚೆಯೇ ಜಯಕ್ಕನ ಹೊಲ. ಜಯಕ್ಕ ನನ್ನ ವಾರಗಿತ್ತಿ, ನಮ್ಮ ಭಾವನವರ ಹೆಂಡತಿ. ಅವಳ ಮಗಳು ಕಾವ್ಯಳ ಮದುವೆ ಕಾರ್ತಿಕದಲ್ಲಿ ಅಂತ ನಿಶ್ಚಯವಾಗಿತ್ತು. ಅದಕ್ಕಾಗಿಯೇ ಜಯಕ್ಕ ರಾಗಿ ಬಿಟ್ಟು ಹಳದಿ ಸೇವಂತಿಗೆ ಹಾಕಿದ್ದಳು. ಬೀಗರ ಎದುರಿಗೇ ಹೇಳಿಬಿಟ್ಟಿದ್ದಳು, "ಚಪ್ಪರದಿಂದ ಆರತಿ ತಟ್ಟೆವರೆಗೂ ನನ್ನ ಹೊಲದ ಹೂವೇ. ಪೇಟೆಯಿಂದ ಒಂದು ಮೊಳ ತಂದ್ರೂ ನನ್ನ ಹೆಸರು ಜಯಮ್ಮ ಅಲ್ಲ."

ನಮ್ಮ ಲೈಟು ಕಂಡು ಅವಳಿಗೂ ಖುಷಿ. "ಸಂಜೆ ನೀರು ಕಟ್ಟೋಕೆ ಟಾರ್ಚೇ ಬೇಡ ಕಣೇ, ಹಗಲಿದ್ದಂಗೆ ಅದೆ" ಅನ್ನುತ್ತಿದ್ದಳು. ಅವಳಿಗೆ ಅನುಕೂಲ ಅಂತ ನಾನು ರಾತ್ರಿಯೆಲ್ಲ ಆರಿಸುತ್ತಲೇ ಇರಲಿಲ್ಲ.

ದೀಪಾವಳಿ ಹೊತ್ತಿಗೆ ಆಚೆ ಸಾಲುಗಳಲ್ಲಿ ಹಳದಿ ಬಿರಿಯಿತು. ಈಚೆ, ನಮ್ಮ ಕಾಂಪೌಂಡಿನ ಹತ್ತಿರದ ಗಿಡಗಳು ಮಾತ್ರ ಎತ್ತರಕ್ಕೆ, ಕಡುಹಸಿರಾಗಿ ಬೆಳೆದಿದ್ದವು. ಮೊಗ್ಗೇ ಇಲ್ಲ. ಜಯಕ್ಕ ಸಸಿ ಕೊಟ್ಟವನಿಗೆ ಫೋನಿನಲ್ಲಿ ಮಂಗಳಾರತಿ ಮಾಡಿದಳು. ನಾನು ಪಕ್ಕದಲ್ಲಿ ನಿಂತು, "ಬೇರೆ ಜಾತಿ ಬೆರೆಸಿದ್ದಾನೆ ಅಕ್ಕ, ಬಿಡಬೇಡ" ಅಂತ ಕುಮ್ಮಕ್ಕು ಕೊಟ್ಟೆ.

ಒಂದು ಬೆಳಿಗ್ಗೆ ಬಟ್ಟೆ ಒಣಹಾಕಲು ತಾರಸಿಗೆ ಹೋದೆ. ಕೆಳಗೆ ನೋಡಿದರೆ ಹಳದಿ ಹೊಲದೊಳಗೆ ಹಸಿರು ಬೀಸಣಿಗೆಗಳು ಬಿಚ್ಚಿಟ್ಟಂತಿವೆ. ಮೂರು. ಒಂದೊಂದೂ ನಮ್ಮ ಒಂದೊಂದು ಲೈಟಿನ ಬುಡದಿಂದ ಶುರುವಾಗಿ, ಬೆಳಕು ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಗೆ ನಿಂತಿದೆ. ಒದ್ದೆ ಸೀರೆ ಹಾಗೇ ಕೈಯಲ್ಲಿತ್ತು.

"ಅಕ್ಕಾ, ಸ್ವಲ್ಪ ಮೇಲೆ ಬಾ."

ಬಂದಳು. ಹೊಲ ನೋಡಿದಳು, ಲೈಟು ನೋಡಿದಳು. "ಇದು ನಿಮ್ಮನೇದಲ್ವೇನೇ?" ಅಂದಳು, ಮೆಲ್ಲಗೆ. ಬೈದಿದ್ದರೆ ಚೆನ್ನಾಗಿತ್ತು.

ತಸ್ನೀಮ್‌ಗೆ ಫೋನ್ ಮಾಡಿದೆ. ಅವಳು ಯಾರನ್ನೋ ವಿಚಾರಿಸಿ ತಿರುಗಿ ಮಾಡಿದಳು. ಸೇವಂತಿಗೆಗೆ ಉದ್ದನೆಯ ರಾತ್ರಿ ಬೇಕಂತೆ. ಕತ್ತಲೆ ಸಿಗದಿದ್ದರೆ ಮೊಗ್ಗು ಕಟ್ಟುವುದಿಲ್ಲವಂತೆ. ದೊಡ್ಡ ತೋಟದವರು ಹೂವು ತಡವಾಗಿ ಬರಲಿ ಅಂತ ಬೇಕೆಂದೇ ಬಲ್ಬು ಕಟ್ಟುತ್ತಾರಂತೆ. ಚಿಕ್ಕಬಳ್ಳಾಪುರದ ದಾರಿಯಲ್ಲಿ ಬಸ್ಸಿನಿಂದ ಆ ಬಲ್ಬುಗಳನ್ನು ನಾವೂ ನೋಡಿದ್ದೆವು, ಕಳ್ಳರ ಕಾಟಕ್ಕೆ ಅಂದುಕೊಂಡಿದ್ದೆವು. ಆ ಭಾನುವಾರ ತಸ್ನೀಮ್ ಬಂದು ತಾರಸಿಯಲ್ಲಿ ನಿಂತು, "ಆಂಟಿ, ನಾವು ಕಂಪ್ಯೂಟರಲ್ಲಿ ಬರೆಯೋ ಚಿತ್ರ ಥೇಟ್ ಇದೇ" ಅಂತ ಬೆರಗಾದಳು. ಜಯಕ್ಕನ ಮುಖ ನೋಡಿ ಫೋಟೋ ತೆಗೆಯಲು ಎತ್ತಿದ್ದ ಫೋನನ್ನು ಬ್ಯಾಗಿಗೆ ಹಾಕಿಕೊಂಡಳು.

ಗೊತ್ತಾದ ದಿನವೇ ಲೈಟು ಆರಿಸಿದ್ದೆವು. ಆದರೆ ಗಿಡಕ್ಕೆ ಅವಸರ ತಿಳಿಯುತ್ತದೆಯೇ? ಹೊಲದ ಹೂವು ಹಾರಕ್ಕೆ, ಬಾಗಿಲಿಗೆ, ಆರತಿ ತಟ್ಟೆಗೆ ಆಯಿತು. ಚಪ್ಪರಕ್ಕೆ ಪೇಟೆಯಿಂದ ಬಂತು. ಅದನ್ನು ಕಟ್ಟುತ್ತಾ ಜಯಕ್ಕ, "ಈಗ ಹೊಸ ಹೆಸರು ಏನಿಟ್ಕೊಳ್ಳಲಿ, ನೀನೇ ಹೇಳೇ" ಅಂದಳು. ಸುತ್ತ ಕೂತವರು ನಕ್ಕರು. ನನಗೆ ನಗು ಬರಲಿಲ್ಲ, ಅವಳಿಗೂ ಬಂದಿರಲಿಲ್ಲ. ಮದುವೆ ಮುಗಿದ ಮೇಲೆ ಅವಳು ಹೊಲಕ್ಕೆ ಬರುತ್ತಿದ್ದಳು, ಹೋಗುತ್ತಿದ್ದಳು. ನಮ್ಮನೆ ಕಾಫಿಗೆ ಬರುವುದು ಬಿಟ್ಟಳು. ನಾನು ದಿನವೂ ಎರಡು ಲೋಟ ಇಟ್ಟು, ಒಂದನ್ನು ತೆಗೆದಿಡುತ್ತಿದ್ದೆ.

ಸಂಕ್ರಾಂತಿಗೆ ಕಾವ್ಯ ಗಂಡನ ಜೊತೆ ಮೊದಲ ಹಬ್ಬಕ್ಕೆ ಬಂದಳು. ಅಷ್ಟರಲ್ಲಿ ಊರ ಸೇವಂತಿಗೆಯೆಲ್ಲ ಒಣಗಿ ಕಡ್ಡಿಯಾಗಿತ್ತು. ನಮ್ಮ ಗೋಡೆ ಪಕ್ಕದ ಮೂರು ಬೀಸಣಿಗೆ ಮಾತ್ರ ಹಳದಿಗೆ ತಿರುಗಿ ಝಗಝಗ ಅನ್ನುತ್ತಿದ್ದವು. ಜಯಕ್ಕ ಒಂದು ಪುಟ್ಟಿ ತುಂಬ ತಂದು ನಮ್ಮ ನಡುಮನೆಯಲ್ಲಿ ಸುರಿದಳು.

"ಮಗಳು ಬಂದ ದಿನ ಊರಲ್ಲಿ ಯಾರ ಹೊಲದಲ್ಲೂ ಹೂವಿಲ್ಲ, ನನ್ನ ಹೊಲದಲ್ಲಿದೆ. ಕಾಫಿ ಇಡೇ." ಕೂತು ಸೆರಗಲ್ಲಿ ಮುಖ ಒರೆಸಿಕೊಂಡಳು. "ಲೇ, ಮುಂದಿನ ವರ್ಷ ಆ ಲೈಟು ನಾನು ಹೇಳಿದಾಗ ಹಾಕು, ಹೇಳಿದಾಗ ಆರಿಸು."

ಅಂದಿನಿಂದ ನಮ್ಮನೆ ಹೊರಗಿನ ಬೆಳಕು ಅವಳದು. ಈ ಸಲ ಸಂಕ್ರಾಂತಿ ಕಳೆದ ಮೇಲೆ ಕಾವ್ಯಳ ಸೀಮಂತ. ಹೂವು ಆ ಹೊತ್ತಿಗೆ ಬಿರಿಯಲಿ ಅಂತಲೇ ಇವತ್ತಿಂದ ಕತ್ತಲೆ.

"ಯಾರಾದ್ರೂ ಬಂದ್ರೆ ಮನೆ ಕಾಣೋದು ಹೇಗೆ?" ಅಂತ ಯಜಮಾನರು ಒಳಗಿಂದ ಗೊಣಗಿದರು. ನಾನು ಸ್ವಿಚ್ಚಿನಿಂದ ಕೈ ತೆಗೆದು ಹೊರಗೆ ಬಂದು ನಿಂತೆ. ಲೈಟಿದ್ದಾಗ ಕಾಣದ ಬೆಟ್ಟ ನಿಧಾನವಾಗಿ ಕಂಡಿತು. ಹೊಲದ ಬದುವಿನ ಮೇಲೆ ಟಾರ್ಚ್ ಹಿಡಿದು ಜಯಕ್ಕ ಬರುತ್ತಿದ್ದಳು. ಸೇವಂತಿಗೆ ಸಾಲಿನ ಪಕ್ಕ ಬಂದಾಗ, ಮಗು ಮಲಗಿರುವ ಕೋಣೆ ದಾಟುವವಳ ಹಾಗೆ, ಟಾರ್ಚಿಗೆ ಅಂಗೈ ಅಡ್ಡ ಹಿಡಿದಳು. ಬೆರಳ ಸಂದಿಯಲ್ಲಿ ಕೆಂಪು ಬೆಳಕಷ್ಟೇ ನಡೆದು ಬಂತು.

"ಲೇ, ಮೆಟ್ಟಿಲು ದೀಪನಾದ್ರೂ ಹಾಕೇ, ನನ್ನ ಬೀಳಿಸ್ತೀಯಾ?"

ಹಾಕಿದೆ. ತಸ್ನೀಮ್‌ಳ ಪುಟ್ಟ ದೀಪಗಳ ಬೆಳಕು ಜಯಕ್ಕನ ಪಾದದ ಮೇಲೆ ಮಾತ್ರ ಬಿತ್ತು, ಅದರಾಚೆಗೆ ಹೋಗಲಿಲ್ಲ. ನಾನು ಒಳಗೆ ಹೋಗಿ ಎರಡು ಲೋಟ ಇಟ್ಟೆ.