ಮೊದಲು ದಾರಿಯ ಮಣ್ಣು ತಾ

ಅವರ ಬಲ ಅಂಗೈಯ ಗೆರೆಗಳೆಲ್ಲ ಕಪ್ಪಗಿದ್ದವು. ಮೂವತ್ತು ವರ್ಷ ರಬ್ಬರು ಮುಟ್ಟಿ ಮುಟ್ಟಿ ಆ ಕಪ್ಪು ಚರ್ಮದೊಳಕ್ಕೇ ಇಳಿದುಬಿಟ್ಟಿತ್ತು. ಸೀಮೆಎಣ್ಣೆ, ಸೀಗೆಪುಡಿ ಯಾವುದಕ್ಕೂ ಜಗ್ಗುತ್ತಿರಲಿಲ್ಲ. ಎರಡು ಮಾರು ದೂರದಲ್ಲಿ ನಿಂತವರೂ ಅವರ ಆಯುಷ್ಯರೇಖೆಯನ್ನು ಓದಬಹುದಿತ್ತು. ಪುರೋಹಿತರಾಗಿದ್ದ ನಮ್ಮ ತಂದೆ ಒಮ್ಮೆ ಆ ಕೈ ನೋಡಿ, "ದೇವರು ನಿಮ್ಮಷ್ಟು ಸ್ಪಷ್ಟವಾಗಿ ಇನ್ಯಾರಿಗೂ ಬರೆದಿಲ್ಲ ಬಿಡಿ" ಎಂದಿದ್ದರು. "ಬರೆದಿದ್ದು ದೇವ್ರೇ ಸ್ವಾಮಿ, ಶಾಯಿ ಮಾತ್ರ ನಂದು" ಎಂದು ಅವರು ನಕ್ಕಿದ್ದರು.

ಊರಿಗೆಲ್ಲ ಅವರು ಟೈರ್ ಮಾಮ. ಮುಳಬಾಗಿಲಿನಲ್ಲಿ ನಮ್ಮ ಬೀದಿ ಹೆದ್ದಾರಿಯನ್ನು ಸೇರುವಲ್ಲಿ ಅವರ ಅಂಗಡಿ. ವಯಸ್ಸಿನಲ್ಲಿ ಮದ್ರಾಸು ದಾರಿಯ ಲಾರಿ ಓಡಿಸಿದವರು, ಬೆನ್ನುನೋವು ಬಂದ ಮೇಲೆ ಟೈರಿನ ವ್ಯಾಪಾರಕ್ಕೆ ಇಳಿದವರು. ಅಂಗಡಿಯಲ್ಲಿ ಎರಡು ಕುರ್ಚಿಗಳಿದ್ದವು, ಆದರೆ ಅವರು ಕೂರುತ್ತಿದ್ದದ್ದು ಮೂರು ಹಳೆಯ ಟೈರುಗಳನ್ನು ಒಂದರ ಮೇಲೊಂದು ಪೇರಿಸಿ, ಮೇಲೆ ದಿನಪತ್ರಿಕೆ ಹಾಸಿದ ಪೀಠದ ಮೇಲೆ. ಬೀಡಿ ಸೇದುವವರಲ್ಲ, ಆದರೂ ಜೇಬಿನಲ್ಲಿ ಬೆಂಕಿಪೊಟ್ಟಣ ತಪ್ಪುತ್ತಿರಲಿಲ್ಲ. ಯಾರದೇ ಗಾಡಿ ಬಂದು ನಿಂತರೂ ಒಂದು ಕಡ್ಡಿ ತೆಗೆದು ಟೈರಿನ ಸಂದಿಗೆ ತಲೆಕೆಳಗಾಗಿ ಇಳಿಸುವರು. ಕಡ್ಡಿಯ ತಲೆ ಪೂರ್ತಿ ಮುಳುಗಬೇಕು. ಮುಳುಗದಿದ್ದರೆ, ಬಂದವರು ತಹಸೀಲ್ದಾರರೇ ಆಗಲಿ, "ಬೋಡಿಗುಂಡು ಸಾರ್ ಇದು" ಎಂದು ಮುಖದ ಮೇಲೆ ಹೇಳಿಬಿಡುವರು. ಬೋಡಿಗುಂಡು ಎಂದರೆ ನಮ್ಮ ಕಡೆಯ ತೆಲುಗಿನಲ್ಲಿ ಬೋಳುತಲೆ. ತಹಸೀಲ್ದಾರರಿಗೆ ನಿಜಕ್ಕೂ ತಲೆಯಲ್ಲಿ ಕೂದಲಿರಲಿಲ್ಲ ಎಂಬುದು ಬೇರೆ ಮಾತು.

ಸುತ್ತಲ ನಾಲ್ಕು ತಾಲ್ಲೂಕುಗಳಲ್ಲಿ ಯಾರು ಗಾಡಿ ಕೊಳ್ಳಬೇಕೆಂದರೂ ಅವರನ್ನೊಮ್ಮೆ ಕೇಳುವುದು ವಾಡಿಕೆ. ಕೇಳಲು ಹೋದವರಿಗೆ ಸಿಗುತ್ತಿದ್ದ ಉತ್ತರ ಒಂದೇ: "ಗಾಡಿ ಆಮೇಲೆ. ಮೊದ್ಲು ದಾರಿ ಮಣ್ಣು ತಾ." ಅವರವರು ದಿನವೂ ಓಡಾಡುವ ದಾರಿಯಿಂದ ಒಂದು ಹಿಡಿ ಮಣ್ಣನ್ನು ಪೊಟ್ಟಣ ಕಟ್ಟಿ ತರಬೇಕಿತ್ತು. ಅದನ್ನು ಮೂಸಿ, ನೆನೆಸಿ, ಬೆರಳಲ್ಲಿ ಉಜ್ಜಿ ನೋಡಿ ಆಮೇಲೆ ಮಾತು. ಮಿಕ್ಕ ಮಣ್ಣು ಉಪ್ಪಿನಕಾಯಿಯ ಖಾಲಿ ಬಾಟಲಿ ಸೇರುತ್ತಿತ್ತು. ಹಿಂದಿನ ಗೋಡೆಯ ಹಲಗೆಯ ಮೇಲೆ ಅಂಥ ಬಾಟಲಿಗಳ ಸಾಲೇ ಇತ್ತು. ಒಂದೊಂದರ ಮೇಲೂ ಅವರ ಸೊಟ್ಟ ಅಕ್ಷರದ ಚೀಟಿ: "ಮಾಲೂರು ಇಟ್ಟಿಗೆಗೂಡು ದಾರಿ", "ನಂಗಲಿ ಕಲ್ಲು ಕ್ವಾರಿ", "ಶ್ರೀನಿವಾಸಪುರ ಮಾವಿನ ಮಂಡಿ ಹಿಂದೆ". ಜನರ ಹೆಸರು ಮಾತ್ರ ಒಂದರ ಮೇಲೂ ಇಲ್ಲ. ಒಬ್ಬ ಕಂಟ್ರಾಕ್ಟರು ತನ್ನ ಹೆಸರು ಬರೆಯಲು ಕೇಳಿದ್ದಕ್ಕೆ, "ದಾರಿ ಏನು ನಿಮ್ಮಪ್ಪಂದಾ ಸಾರ್? ದಾರಿಗೆ ದಾರಿ ಹೆಸ್ರೇ" ಎಂದು ಕಳಿಸಿದ್ದರು. ಅವರಿಗೆ ವ್ಯಾಪಾರ ಹೇಗೆ ನಡೆಯುತ್ತಿತ್ತೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಆದರೆ ನಡೆಯುತ್ತಿತ್ತು, ಚೆನ್ನಾಗಿಯೇ ನಡೆಯುತ್ತಿತ್ತು.

ನಾನು ದನದ ಡಾಕ್ಟರಾಗಿ ಊರಿಗೆ ಬಂದದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಗೌನಿಪಲ್ಲಿ ಕಡೆಯ ಹತ್ತಾರು ಹಳ್ಳಿಗಳ ಹಸುಗಳನ್ನು ನೋಡಿಕೊಳ್ಳಲು ಅಲ್ಲಿನ ಹಾಲಿನ ಸಂಘ ನನ್ನನ್ನು ತೆಗೆದುಕೊಂಡಿತ್ತು. ತೆಗೆದುಕೊಂಡಿತ್ತು ಎನ್ನುವುದಕ್ಕಿಂತ ಪರೀಕ್ಷೆಗೆ ಇಟ್ಟುಕೊಂಡಿತ್ತು ಎನ್ನುವುದು ಸರಿ. ಸಂಘದ ಅಧ್ಯಕ್ಷರು ಕೆಟ್ಟವರಲ್ಲ, ಅನುಮಾನದವರು. "ಬಿಸಿಲಲ್ಲಿ ಎಲ್ಲಾರೂ ಬರ್ತಾರಮ್ಮ. ಮಳೆಗಾಲ ಒಂದು ಕಳೀಲಿ, ನೋಡೋಣ. ನಡುದಾರೀಲಿ ನಿಂತ್ಬಿಟ್ರೆ ನಮ್ಮ ಹಸುಗಳ ಗತಿ ಏನು? ಆಗ್ಲಿಲ್ಲ ಅಂದ್ರೆ ಆಫೀಸಲ್ಲಿ ಔಷಧಿ ಲೆಕ್ಕ ಬರ್ಕೊಂಡಿರಿ, ಬೇರೆ ಯಾರನ್ನಾದ್ರೂ ನೋಡ್ಕೊತೀವಿ" ಎಂದರು. ಐದು ವರ್ಷ ಓದಿದ್ದು ಔಷಧಿಯ ಲೆಕ್ಕ ಬರೆಯುವುದಕ್ಕೇ? ನನಗೆ ರೇಗಿತು. ಅವತ್ತೇ ಗಾಡಿ ಕೊಳ್ಳುವುದೆಂದು ನಿಶ್ಚಯಿಸಿದೆ.

ಕೋಲಾರದಲ್ಲಿ ಎರಡು ಹಳೆಯ ಗಾಡಿಗಳು ಮಾರಾಟಕ್ಕಿದ್ದವು. ಎರಡೂ ಜೀಪಿನ ಜಾತಿಯವೇ, ಗಿಡ್ಡವಾಗಿ, ನೆಲದಿಂದ ಎತ್ತರವಾಗಿ ನಿಲ್ಲುವಂಥವು. ಮೊದಲನೆಯದು ಹಸಿರು ಬಣ್ಣದ್ದು. ಅದರಲ್ಲಿ ಗೇರಿನ ಪಕ್ಕದ ಒಂದು ಸಣ್ಣ ಹಿಡಿ ಎಳೆದರೆ ನಾಲ್ಕು ಚಕ್ರಕ್ಕೂ ಎಂಜಿನ್ನಿನ ಬಲ ಹೋಗುತ್ತಿತ್ತು. ಅಗಲವಾದ, ಹೊಳೆಯುವ ಟೈರುಗಳು ಬೇರೆ. ಎರಡನೆಯದು ಬೂದು ಬಣ್ಣದ್ದು, ಬರೀ ಹಿಂದಿನ ಎರಡು ಚಕ್ರ ತಳ್ಳುವಂಥದ್ದು, ಟೈರುಗಳು ಅಪ್ಪಟ ಬೋಡಿಗುಂಡು. ನನ್ನ ಮನಸ್ಸು ಹಸಿರಿನ ಮೇಲೆಯೇ ನೆಟ್ಟಿತ್ತು. ನಾಲ್ಕು ಎರಡಕ್ಕಿಂತ ದೊಡ್ಡದು ಎಂಬುದು ಒಂದನೇ ಕ್ಲಾಸಿನ ಗಣಿತವಲ್ಲವೇ? ಟೈರ್ ಮಾಮನ ಬಳಿ ಹೋದದ್ದು ಅಪ್ಪನ ಸಮಾಧಾನಕ್ಕೆ ಮಾತ್ರ.

"ಏಮ್ಮಾ ಅಮ್ಮಾಯಿ, ಮಣ್ಣೆಲ್ಲಿ?" ಎಂದರು. ಹುಟ್ಟಿದಾಗಿನಿಂದ ನನ್ನನ್ನು ಕಂಡವರು, ತೆಲುಗಿನಲ್ಲಿ ಹುಡುಗಿ ಎಂಬ ಅರ್ಥದ ಅಮ್ಮಾಯಿ ಎಂದೇ ಕರೆಯುತ್ತಿದ್ದರು. ಡಾಕ್ಟರಾದರೂ ಅದು ಬದಲಾಗಿರಲಿಲ್ಲ.

ನಾನು ಹೆಮ್ಮೆಯಿಂದ ಪೊಟ್ಟಣ ಬಿಚ್ಚಿದೆ. ಮಣ್ಣು ಪರೀಕ್ಷೆಗೆ ಹೇಗೆ ತೆಗೆಯಬೇಕೋ ಹಾಗೆಯೇ ತೆಗೆದಿದ್ದೆ. ಹಳ್ಳಿಯ ಮಾವಿನ ತೋಪೊಂದರ ನಾಲ್ಕು ಮೂಲೆಯಲ್ಲಿ ಗೇಣುದ್ದ ಅಗೆದು, ಕಲ್ಲು ಬೇರು ಆರಿಸಿ, ನೆರಳಲ್ಲಿ ಒಣಗಿಸಿ, ಜರಡಿ ಹಿಡಿದಿದ್ದೆ. ಅವರು ಬೆರಳಲ್ಲಿ ತೆಗೆದು ನೋಡಿದರು. ನನ್ನ ಮುಖ ನೋಡಿದರು. ಮತ್ತೆ ಮಣ್ಣು ನೋಡಿದರು.

"ಬಂಗಾರದಂಥ ಮಣ್ಣು. ಕಡ್ಲೆಕಾಯಿ ಚೆನ್ನಾಗಿ ಬರುತ್ತೆ. ನೀನು ಗಾಡಿ ತಗೊಳ್ಳೋದು ಕಡ್ಲೆಕಾಯಿ ಬಿತ್ತೋಕಾ?"

ಅಂಗಡಿಯಲ್ಲಿದ್ದ ಲಾರಿ ಡ್ರೈವರೊಬ್ಬ ಕಿಸಕ್ಕೆಂದ. ನನ್ನ ಕಿವಿ ಬಿಸಿಯಾಯಿತು.

"ನಗಬೇಡಲೇ" ಎಂದು ಅವನನ್ನು ಗದರಿ ನನ್ನ ಕಡೆ ತಿರುಗಿದರು. "ಚೂಡಮ್ಮಾ, ಆ ದಾರೀಲಿ ನಿಂಗೆ ಎಲ್ಲಿ ಹೆದ್ರಿಕೆ ಆಗುತ್ತೆ? ಆ ಜಾಗದ ಮಣ್ಣು ತಾ."

ಹೆದರಿಕೆಯ ಜಾಗ ನನಗೆ ಚೆನ್ನಾಗಿ ಗೊತ್ತಿತ್ತು. ಕೆರೆ ಏರಿಗೆ ಇಳಿಯುವ ದೊಡ್ಡ ಇಳಿಜಾರು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ನಮ್ಮ ಕಡೆ ಅದರ ಗೋಡುಮಣ್ಣನ್ನು ಟ್ರಾಕ್ಟರುಗಳಲ್ಲಿ ತುಂಬಿ ಮಾವಿನ ತೋಪುಗಳಿಗೆ ಹೊಡೆಯುತ್ತಾರೆ. ಮರಕ್ಕೆ ಅದೇ ಗೊಬ್ಬರ. ಟ್ರಾಕ್ಟರು ಏರು ಹತ್ತುವಾಗ ಅರ್ಧ ಗೋಡು ದಾರಿಗೇ ಚೆಲ್ಲುತ್ತದೆ. ಒಣಗಿದ್ದಾಗ ಅದು ಬರೀ ಧೂಳು. ಎರಡು ಹನಿ ಬಿತ್ತೆಂದರೆ ಎಮ್ಮೆಯೂ ಅಲ್ಲಿ ಕುಂಡಿ ಊರಿ ಇಳಿಯಬೇಕು. ಮರುದಿನ ಬಸ್ಸಿನಲ್ಲಿ ಹೋಗಿ ಆ ಇಳಿಜಾರಿನ ಮಣ್ಣು ತಂದೆ, ಜರಡಿ ಹಿಡಿಯದೆ.

ಅವರು ಎರಡೂ ಗಾಡಿಗಳ ವಿವರ ಕೇಳಿಕೊಂಡು, ಮಣ್ಣನ್ನು ನೀರಲ್ಲಿ ಕಲಸಿ, ಒಂದು ಒರಟು ಕಲ್ಲಿನ ಮೇಲೆ ಬಳಿದು, ಹೆಬ್ಬೆರಳಿನಿಂದ ಒತ್ತಿದರು. ಬೆರಳು ಜಾರಿತು. ಆಮೇಲೆ ಉಗುರಿನಿಂದ ಒತ್ತಿದರು. ಉಗುರು ಮಣ್ಣು ಸೀಳಿ ಕಲ್ಲಿಗೆ ಕಚ್ಚಿಕೊಂಡಿತು.

"ನೋಡಿದ್ಯಾ? ಮೇಲೆ ನಾಲ್ಕು ಬೆರಳು ಗೋಡು, ಕೆಳಗೆ ಗಟ್ಟಿ ಗರಸು. ಹಸಿರು ಗಾಡಿ ಟೈರು ಹೆಬ್ಬೆರಳು. ಅಗಲ. ಗೋಡಿನ ಮೇಲೇ ತೇಲುತ್ತೆ. ನಿಂಗೆ ಬೇಕಾಗಿರೋದು ಉಗುರು."

"ನಾಲ್ಕು ಚಕ್ರ ತಳ್ಳುತ್ತಲ್ಲ ಮಾಮ?"

"ತಳ್ಳುತ್ತೆ. ಹತ್ತೋವಾಗ ತಳ್ಳುತ್ತೆ. ನೀನು ಹೆದ್ರೋದು ಹತ್ತೋದಕ್ಕಾ, ಇಳಿಯೋದಕ್ಕಾ?"

"ಇಳಿಯೋದಕ್ಕೆ."

"ಇಳಿಯೋವಾಗ ಎಷ್ಟು ಚಕ್ರ ತಳ್ಳಿದ್ರೂ ಒಂದೇ. ಹಿಡಿಯೋದು ಟೈರು. ಎಂಜಿನ್ ಅನ್ನೋದು ತೊಡೆ ಕಣಮ್ಮ, ಟೈರು ಅನ್ನೋದು ಪಾದ. ಪೈಲ್ವಾನನ ತೊಡೆ ಇದ್ರೂ ಮದುವೆ ಚಪ್ಪಲಿ ಹಾಕ್ಕೊಂಡು ಕೆಸರಿಗೆ ಇಳಿದ್ರೆ ಬೀಳೋದೇ." ಸ್ವಲ್ಪ ತಡೆದು, ನ್ಯಾಯವಾಗಿ ಇನ್ನೊಂದು ಮಾತನ್ನೂ ಸೇರಿಸಿದರು: "ನಾಲ್ಕು ಚಕ್ರ ಕೆಟ್ಟದ್ದು ಅಂತ ನಾನು ಅನ್ನಲ್ಲ. ಕ್ವಾರಿಯೋನಿಗೆ ಅದೇ ಬೇಕು. ಆದ್ರೆ ಅದನ್ನ ತಗೊಂಡ್ರೆ ಟೈರಿಗೆ ನಿನ್ ಹತ್ರ ಕಾಸು ಉಳಿಯಲ್ಲ. ಬೂದು ಗಾಡಿ ತಗೋ. ಕಾಲಿಗೆ ಸರಿಯಾದ್ದು ನಾನು ಹಾಕ್ತೀನಿ."

ಬೂದು ಗಾಡಿ ಬಂತು. ಅವರು ಹಾಕಿದ ಟೈರುಗಳು ಸಣ್ಣಗೆ, ಎತ್ತರವಾಗಿ, ಮೈಮೇಲೆ ರಬ್ಬರಿನ ದಪ್ಪ ದಪ್ಪ ಗಟ್ಟೆಗಳು ಎದ್ದಿದ್ದಂಥವು. ನಾಲ್ಕೂ ಹೊಸವು. ಕಡ್ಡಿಯ ತಲೆಯಷ್ಟೇ ಅಲ್ಲ, ಅರ್ಧ ಕಡ್ಡಿಯೇ ಮುಳುಗುತ್ತಿತ್ತು. ಟಾರು ರಸ್ತೆಯಲ್ಲಿ ಜೇನುಗೂಡಿಗೆ ಕಲ್ಲು ಹೊಡೆದಂತೆ ಗುಂಯ್ ಎನ್ನುತ್ತಿದ್ದವು. ಅಪ್ಪ ಪೂಜೆ ಮಾಡಿ ಚಕ್ರದಡಿ ಇಟ್ಟ ನಿಂಬೆಹಣ್ಣಿನ ಮೇಲೆ ನಾನು ಗಾಡಿ ಹತ್ತಿಸಿದಾಗ, ಟೈರ್ ಮಾಮ ಬಗ್ಗಿ ಅದನ್ನೆತ್ತಿ ಪರೀಕ್ಷಿಸಿ, "ಚೆನ್ನಾಗಿ ಸೀಳಿದೆ" ಎಂದು ತೀರ್ಪು ಕೊಟ್ಟರು. ಕೊನೆಗೆ ಎರಡು ಮಾತು ಹೇಳಿದರು. ಒಂದು, ಹಿಂದಿನ ಚಕ್ರದ ಮೇಲೆ ಭಾರ ಕೂರಲು ಯಾವಾಗಲೂ ಎರಡು ಮೂಟೆ ಹಿಂಡಿ ಇಟ್ಟುಕೊಂಡಿರಬೇಕು. ಇನ್ನೊಂದು, ಆ ಇಳಿಜಾರಿನಲ್ಲಿ ಬ್ರೇಕು ಮುಟ್ಟಬಾರದು. "ಒಂದನೇ ಗೇರಿಗೆ ಹಾಕಿ ಸುಮ್ನೆ ಕೂತ್ಕೋ. ಟೈರು ಕೆಲಸ ಮಾಡುತ್ತೆ, ನೀನು ಮಧ್ಯೆ ಬಾಯಿ ಹಾಕ್ಬೇಡ."

ಹಸಿರು ಗಾಡಿಯನ್ನು ವಾರದೊಳಗೆ ಯಾರೋ ಕೊಂಡರು ಎಂದು ಕೇಳಿದೆ. ಯಾರು ಎಂದು ತಿಳಿದದ್ದು ಅದು ಸಂಘದ ಮುಂದೆ ಬಂದು ನಿಂತಾಗ. ಇಳಿದವರು ನಮ್ಮ ಅಧ್ಯಕ್ಷರು. ನನ್ನ ಬೂದು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಎರಡೇ ಚಕ್ರಾನಾ?" ಎಂದು ಮರುಕದಿಂದ ಕೇಳಿದರು.

ಮಳೆ ಹಿಡಿದ ಮೂರನೇ ದಿನ ಮಧ್ಯಾಹ್ನ, ಕೆರೆಯಾಚೆಯ ಹಳ್ಳಿಯಿಂದ ಒಬ್ಬಾಕೆ ಫೋನು ಮಾಡಿದಳು. ಅಧ್ಯಕ್ಷರ ತಮ್ಮನ ಹೆಂಡತಿ. ಚೊಚ್ಚಲು ಸೀಮೆಹಸು, ಬೆಳಗಿನಿಂದ ತಿಣುಕುತ್ತಿದೆ, ಕರು ಬರುತ್ತಿಲ್ಲ. "ನಮ್ ಭಾವ ನಿಮಗೆ ಹೇಳ್ಬೇಡಿ ಅಂದ್ರು. ಶ್ರೀನಿವಾಸಪುರದಿಂದ ದೊಡ್ಡ ಡಾಕ್ಟ್ರನ್ನ ಅವರ ಗಾಡೀಲೇ ಕರ್ಕೊಂಬರ್ತೀನಿ ಅಂತ ಹೋದೋರು ಎರಡು ಗಂಟೆ ಆಯ್ತು, ಬಂದಿಲ್ಲ. ನನ್ ಹಸು ಸಾಯುತ್ತಮ್ಮ" ಎಂದು ಅತ್ತಳು.

ಹೊರಟೆ. ಇಳಿಜಾರಿನ ನೆತ್ತಿಗೆ ಬಂದಾಗ ಕೆಳಗೆ ಅರ್ಧ ದಾರಿಯಲ್ಲಿ ಹಸಿರು ಗಾಡಿ ಕಂಡಿತು. ಅಡ್ಡಡ್ಡವಾಗಿ ಜಾರಿ ಚರಂಡಿಯೊಳಗೆ ವಾಲಿಕೊಂಡಿತ್ತು. ನಾಲ್ಕೂ ಚಕ್ರ ಗಿರಗಿರನೆ ತಿರುಗಿ ತಿರುಗಿ ಸೋತು ನಿಂತಿದ್ದವು, ನಾಲ್ಕೂ ಟೈರಿಗೆ ಗೋಡು ಮೆತ್ತಿಕೊಂಡು ದೋಸೆಗಲ್ಲಿನಂತೆ ನುಣ್ಣಗಾಗಿದ್ದವು. ಪಕ್ಕದಲ್ಲಿ ಅಧ್ಯಕ್ಷರು, ಛತ್ರಿ ಹಿಡಿದ ಹಿರಿಯ ಡಾಕ್ಟರು. ಇಬ್ಬರಿಗೂ ಮೊಣಕಾಲಿನವರೆಗೆ ಕೆಸರು.

ನನಗೆ ಹೆದರಿಕೆಯಾಯಿತು, ಸುಳ್ಳು ಹೇಳುವುದಿಲ್ಲ. ನಾನೂ ಜಾರಿದರೆ ಅವತ್ತಿಗೆ ಹಸುವೂ ಹೋಯಿತು, ನನ್ನ ಕೆಲಸವೂ ಹೋಯಿತು. ಒಂದನೇ ಗೇರಿಗೆ ಹಾಕಿದೆ. ಬ್ರೇಕಿನ ಮೇಲಿದ್ದ ಪಾದವನ್ನು ಬಲವಂತವಾಗಿ ಕಿತ್ತು ನೆಲಕ್ಕಿಟ್ಟೆ. ಗಾಡಿ ಒಂದು ಗೇಣು ಜಾರಿತು. ಆಮೇಲೆ ಕೆಳಗಿನಿಂದ ಕರಕರ ಎಂಬ ಸದ್ದು ಕೇಳಿಸಿತು. ಗಟ್ಟೆಗಳು ಗೋಡು ಸೀಳಿ ಗರಸನ್ನು ಕಚ್ಚಿದ ಸದ್ದು. ಜೀವಮಾನದಲ್ಲಿ ನಾನು ಕೇಳಿದ ಅತ್ಯಂತ ಇಂಪಾದ ಸದ್ದು ಅದೇ. ಆನೆ ಮೆಟ್ಟಿಲಿಳಿದಂತೆ ಗಾಡಿ ಒಂದೊಂದೇ ಹೆಜ್ಜೆ ಇಳಿಯಿತು.

ಅವರ ಪಕ್ಕಕ್ಕೆ ಬಂದಾಗ, ಬ್ರೇಕು ಮುಟ್ಟದೆ, ಗೇರಿನಲ್ಲೇ ಎಂಜಿನ್ ಆರಿಸಿ ನಿಲ್ಲಿಸಿದೆ. ನಿಂತಿತು.

"ಹತ್ಕೊಳ್ಳಿ ಸಾರ್" ಎಂದೆ. ಹಿರಿಯ ಡಾಕ್ಟರಿಗೆ ಮುಂದಿನ ಸೀಟು ಸಿಕ್ಕಿತು. ಅಧ್ಯಕ್ಷರು ಹಿಂದೆ ಹಿಂಡಿ ಮೂಟೆಯ ಮೇಲೆ ಕುಳಿತರು. ಟೈರ್ ಮಾಮ ಹೇಳಿದ ಭಾರ ಇನ್ನಷ್ಟು ಹೆಚ್ಚಾಗಿ ಗಾಡಿಗೆ ಒಳ್ಳೆಯದೇ ಆಯಿತು.

ಕೊಟ್ಟಿಗೆಯಲ್ಲಿ ಹಿರಿಯ ಡಾಕ್ಟರು ಚಳಿಗೆ ನಡುಗುತ್ತಿದ್ದ ತಮ್ಮ ಕೈ ನೋಡಿಕೊಂಡು, "ನೀನೇ ನೋಡಮ್ಮ, ನಾನು ತಲೆ ಹಿಡ್ಕೊತೀನಿ" ಎಂದರು. ಕರುವಿನ ಮುಂಗಾಲೊಂದು ಒಳಗೆ ಮಡಚಿಕೊಂಡಿತ್ತು. ಹಿಂದಕ್ಕೆ ತಳ್ಳಿ, ಗೊರಸನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು ಕಾಲು ನೆಟ್ಟಗೆ ಮಾಡಿದೆ. ಕಾಲು ಗಂಟೆಯೊಳಗೆ ಹೆಣ್ಣುಕರು ನೆಲದ ಮೇಲಿತ್ತು, ಒದ್ದೆ ಒದ್ದೆಯಾಗಿ, ಸೀನುತ್ತ. ಫೋನು ಮಾಡಿದ್ದ ಆಕೆ ನನ್ನ ಎರಡೂ ಕೈ ಹಿಡಿದುಕೊಂಡಳು. ಅಧ್ಯಕ್ಷರು ಬಾಗಿಲಲ್ಲಿ ನಿಂತು ಪಂಚೆಯ ಕೆಸರು ಹಿಂಡುತ್ತ, "ಮಳೆಗಾಲ ಕಳಿಯೋದೇನೂ ಬೇಡ ಬಿಡಿ. ಇನ್ಮೇಲೆ ನೀವೇ ನಮ್ ಡಾಕ್ಟ್ರು" ಎಂದರು. ವಾಪಸು ಬರುವಾಗ ಒಂದೇ ಪ್ರಶ್ನೆ ಕೇಳಿದರು: "ಈ ಟೈರು ಎಲ್ಲಿ ಹಾಕಿಸಿದ್ರಿ?"

ಮಾರನೆಯ ದಿನ ಅವರು ಮುಳಬಾಗಿಲಿಗೆ ಹೋದರಂತೆ. ಟೈರ್ ಮಾಮ ಅವರನ್ನು ಕೂರಿಸಿ, ಟೀ ತರಿಸಿ, ಸಾವಕಾಶವಾಗಿ ಹೇಳಿದರಂತೆ: "ಮೊದ್ಲು ದಾರಿ ಮಣ್ಣು ತನ್ನಿ ಸಾರ್."

ನನಗೆ ಮಾತ್ರ, ಕರು ಹುಟ್ಟಿದ ದಿನವೇ ಸಂಜೆ ಅಂಗಡಿಗೆ ಹೋದಾಗ, ಅವರು ಹೆಚ್ಚೇನೂ ಹೇಳಿರಲಿಲ್ಲ. ಟೈರಿನ ಮೇಲೆ ಕಪ್ಪು ಅಂಗೈ ಇಟ್ಟು, ಕಣ್ಣು ಮುಚ್ಚಿ ಸವರಿ, "ಗರಸು ಚೆನ್ನಾಗಿ ಕಚ್ಚಿದೆ ಅಮ್ಮಾಯಿ" ಎಂದರು ಅಷ್ಟೇ. ನನಗೆ ಸ್ವಲ್ಪ ನಿರಾಸೆಯಾಯಿತು. ಇವತ್ತಾದರೂ ಡಾಕ್ಟ್ರಮ್ಮ ಎನ್ನಬಹುದಿತ್ತು ಎಂದುಕೊಂಡೆ.

ಹತ್ತು ವರ್ಷದ ನಂತರ ಬೂದು ಗಾಡಿ ಮುದಿಯಾದಾಗ ಇಬ್ಬರೂ ಕೋಲಾರದ ಷೋರೂಮಿಗೆ ಹೋದೆವು. ಆ ಹೊತ್ತಿಗೆ ಇಂಥ ಗಾಡಿಗಳಿಗೆ ಎಸ್‌ಯುವಿ ಎಂಬ ದೊಡ್ಡ ಹೆಸರು ಬಂದಿತ್ತು. ಟೈ ಕಟ್ಟಿದ ಸೇಲ್ಸ್‌ಮನ್ನು ಎರಡು ಚಕ್ರದ್ದು, ನಾಲ್ಕು ಚಕ್ರದ್ದು ಎಂದು ಅರ್ಧ ಗಂಟೆ ವಿವರಿಸಿದ. ನಾನು ತಾಳ್ಮೆಯಿಂದ ಕೇಳಿ, ಚೀಲದಿಂದ ಪೊಟ್ಟಣ ತೆಗೆದು ಅವನ ಗಾಜಿನ ಮೇಜಿನ ಮೇಲೆ ಬಿಚ್ಚಿಟ್ಟು, "ಈ ಮಣ್ಣಿಗೆ ಯಾವ ಟೈರು ಕೊಡ್ತೀರಾ?" ಎಂದೆ. ಅವನು ಮ್ಯಾನೇಜರನ್ನು ಕರೆಯಲು ಓಡಿದ. ಪಕ್ಕದಲ್ಲಿ ಕುಳಿತಿದ್ದ ಟೈರ್ ಮಾಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಅದಾಗಿ ಒಂದೂವರೆ ವರ್ಷಕ್ಕೆ ಅವರು ಹೋಗಿಬಿಟ್ಟರು. ಅದೇ ಟೈರಿನ ಪೀಠದ ಮೇಲೆ, ಟೀ ತಟ್ಟೆಗೆ ಸುರಿದುಕೊಂಡು ಕುಳಿತಿದ್ದ ಹಾಗೆಯೇ. ಅವತ್ತು ಹೆದ್ದಾರಿಯ ಲಾರಿಗಳು ಅಂಗಡಿಯ ಮುಂದೆ ನಿಧಾನ ಮಾಡಿ ಹೋದದ್ದನ್ನು ನಾನು ಕಂಡಿದ್ದೇನೆ. ಹದಿಮೂರನೆಯ ದಿನ ಕಳೆದ ಮೇಲೆ ಅವರ ಹೆಂಡತಿ ಸೆರಗಿನಲ್ಲಿ ಒಂದು ಬಾಟಲಿ ಸುತ್ತಿಕೊಂಡು ಮನೆಗೆ ಬಂದರು. "ಇದು ನಿಂದಂತೆ. ಆ ಮಳೇಲಿ ನೀನು ಹೋಗಿಬಂದ ದಿನಾನೇ ಚೀಟಿ ಬದಲಾಯಿಸಿದ್ರು. ಗೋಡೆ ಕಡೆ ತಿರುಗಿಸಿ ಇಟ್ಟಿದ್ರು, ಯಾರಿಗೂ ಕಾಣ್ಬಾರ್ದು ಅಂತ" ಎಂದರು.

ತಿರುಗಿಸಿ ನೋಡಿದೆ. ಒಳಗೆ ಆ ಇಳಿಜಾರಿನ ಗೋಡುಮಣ್ಣು. ಹೊರಗೆ, ಯಾರ ಹೆಸರನ್ನೂ ಬರೆಯದ ಆ ಸೊಟ್ಟ ಅಕ್ಷರದಲ್ಲಿ: "ಡಾಕ್ಟ್ರಮ್ಮನ ದಾರಿ."