ಬಾಯಿಗೆ ಮಣ್ಣು

ಒಬ್ಬರ ಅನ್ನ ತಪ್ಪಿಸಿದವರನ್ನು ನಮ್ಮ ಕಡೆ ‘ಬಾಯಿಗೆ ಮಣ್ಣು ಹಾಕಿದ’ ಎಂದು ಬೈಯುತ್ತಾರೆ. ಹಾಗೆ ಬೈಯುವವರು ಮಣ್ಣನ್ನು ಕಣ್ಣಿಂದ ಕಂಡಿರುವುದಿಲ್ಲ. ನಾನು ಅದನ್ನು ಮಧುಗಿರಿಯ ಕುಂಬಾರಗೇರಿಯಿಂದ ಮಡಿಲಲ್ಲಿ ಕಟ್ಟಿಕೊಂಡು ತಂದು, ಬಸುರಿಯಾಗಿದ್ದ ನನ್ನ ಓರಗಿತ್ತಿಯ ಕೈಗೆ ಕೊಟ್ಟಿದ್ದೇನೆ. ಅವಳಿಗೆಂದು ಇಟ್ಟ ಹಾಲು ಕುಡಿದವಳೂ ನಾನೇ.

ಮದುವೆಯಾಗಿ ಮಧುಗಿರಿಗೆ ಬಂದಾಗ ನಾನು ಮೈಸೂರಿನ ಕಾಲೇಜಿನಲ್ಲಿ ಎರಡು ವರ್ಷ ಓದಿದ್ದೆ. ನನ್ನ ಯಜಮಾನರು ಅಮಲ್ದಾರರ ಕಚೇರಿಯಲ್ಲಿ ಗುಮಾಸ್ತರು. ಮೊದಮೊದಲು ಅತ್ತೆ ಮನೆಗೆ ಬಂದವರೆದುರು, “ನಮ್ ದೊಡ್ಡ ಸೊಸೆ ಇಂಗ್ಲೀಸು ಕಾಗ್ದ ಓದ್ತಾಳೆ” ಎಂದು ಹೇಳಿಕೊಂಡು ಹಿಗ್ಗುತ್ತಿದ್ದರು. ಐದು ವರ್ಷ ಕಳೆದರೂ ತೊಟ್ಟಿಲು ಅಟ್ಟದ ಮೇಲೇ ಇತ್ತು. ಆಗ ಅದೇ ಬಾಯಿ, “ಪುಸ್ತಕ ತುಂಬ್ಕಂಡಿರೋ ಒಟ್ಟೇಲಿ ಕೂಸಿಗೆ ಜಾಗ ಎಲ್ಲೈತೆ ಬುಡು” ಎನ್ನತೊಡಗಿತು.

ಆರನೆಯ ವರ್ಷ ಮೈದುನನ ಮದುವೆಯಾಯಿತು. ಹುಡುಗಿ ಪಾವಗಡದ ಆಚೆಯ ಹಳ್ಳಿಯವಳು. ತಾಯಿಯಿಲ್ಲದವಳು, ಅಕ್ಷರ ಬಾರದವಳು, ಮಾತಿನಲ್ಲಿ ಅರ್ಧ ತೆಲುಗು. ನನ್ನನ್ನು ‘ಅಕ್ಕಯ್ಯಾ’ ಎಂದು ಕರೆಯುತ್ತ ಸೆರಗು ಹಿಡಿದು ಹಿಂದೆಯೇ ತಿರುಗುತ್ತಿದ್ದಳು. ವರ್ಷ ತುಂಬುವುದರೊಳಗೆ ಒಂದು ಬೆಳಿಗ್ಗೆ ಹಿತ್ತಲಿನಲ್ಲಿ ಅವಳು ವಾಂತಿ ಮಾಡುವ ಸದ್ದು ಕೇಳಿಸಿತು. ನಾನು ಒರಳಿನ ಮುಂದೆ ಕೂತು ಹಿಟ್ಟು ರುಬ್ಬುತ್ತಿದ್ದೆ. ಅತ್ತೆ ಎದ್ದು ಓಡಿದರು. ಅವರು ಹಾಗೆ ಓಡಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಅಂದಿನಿಂದ ಮನೆಯ ಹಾಲು ತುಪ್ಪ ಎಲ್ಲ ಅವಳ ಕಡೆಗೆ ಹರಿಯಿತು. ತಾಯಿ ಇಲ್ಲದವಳಾದ್ದರಿಂದ ಹೆರಿಗೆಯೂ ನಮ್ಮ ಮನೆಯಲ್ಲೇ ಎಂದಾಯಿತು. ಹೊತ್ತಾರೆ ಒಂದು ಲೋಟ ಹಾಲು, ಮಧ್ಯಾಹ್ನ ಎಳ್ಳು ಬೆಲ್ಲದ ಉಂಡೆ, ಸಂಜೆ ಹಿತ್ತಲಿನ ದಾಳಿಂಬೆ. ಗಿಡದಲ್ಲಿದ್ದ ಹಣ್ಣುಗಳಿಗೆಲ್ಲ ಅತ್ತೆ ಬಟ್ಟೆ ಕಟ್ಟಿದರು. ಅಳಿಲು ಮುಟ್ಟಬಾರದು ಎಂದರು, ನನ್ನ ಕಡೆ ನೋಡಿ ಎಂದರು.

ಒಂದು ಮಧ್ಯಾಹ್ನ ಅವಳು ಹಿತ್ತಲ ಗೋಡೆಗೆ ನೀರು ಚಿಮುಕಿಸಿ, ಮೂಗು ತಾಗಿಸಿ ನಿಂತಿದ್ದಳು. ಉಗುರ ತುಂಬ ಗೋಡೆಯ ಮಣ್ಣು.

“ಏನೇ ಅದು?”

“ಅತ್ತೆಗೆ ಏಳ್ಬ್ಯಾಡ ಅಕ್ಕಯ್ಯಾ. ಈ ವಾಸ್ನೆ ಬಂದ್ರೆ ನಾಲ್ಗೆ ನಿಲ್ಲಾಕಿಲ್ಲ. ನಮ್ಮೂರ್ನಾಗೆ ಸುಟ್ಟ ಮಣ್ಣು ಸಿಗ್ತಿತ್ತು. ನಮ್ಮಮ್ಮನೂ ತಿಂತಿದ್ಲಂತೆ, ನಾನು ಒಟ್ಟೇಲಿದ್ದಾಗ.”

ಆ ಅಮ್ಮ ಎರಡನೆಯ ಹೆರಿಗೆಯಲ್ಲಿ ರಕ್ತ ಹೋಗಿ ತೀರಿಕೊಂಡಿದ್ದಳು. ಅದನ್ನೂ ಇದನ್ನೂ ಅವಳು ಒಂದೇ ದಾರದಲ್ಲಿ ಪೋಣಿಸಿ ನೋಡಿದವಳಲ್ಲ. ನಾನು ನಿಂತ ನಿಲುವಿನಲ್ಲೇ ಪೋಣಿಸಿದೆ. ಮಣ್ಣು ತಿನ್ನುವ ಬಸುರಿಯ ರಕ್ತ ತೆಳುವಾಗುತ್ತದೆ, ಆ ನಷ್ಟ ಕೂಸಿಗೂ ಇಳಿಯುತ್ತದೆ ಎಂದು ಕಾಲೇಜಿನಲ್ಲಿ ಆರೋಗ್ಯಶಾಸ್ತ್ರದ ಪಾಠದಲ್ಲಿ ಹೇಳಿದ್ದರು. ನಾನು ನೋಟ್ಸಿನಲ್ಲಿ ಬರೆದುಕೊಂಡಿದ್ದೆ. ಪರೀಕ್ಷೆಯಲ್ಲೂ ಬರೆದು ಮೆಚ್ಚಿಗೆ ಪಡೆದಿದ್ದೆ.

ಅದನ್ನು ಅವಳಿಗೆ ಹೇಳುವುದಕ್ಕೆ ನಾಲ್ಕು ಮಾತು ಸಾಕಿತ್ತು. “ಕುಂಬಾರಗೇರಿಲಿ ಸಿಗುತ್ತೆ, ತಂದ್ಕೊಡ್ತೀನಿ” ಎಂದೆ.

ಬಸುರಿ ಬಯಸಿದ್ದನ್ನು ಕೊಡದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ ಎಂದು ನಮ್ಮವರ ನಂಬಿಕೆ. ನಾನು ನಂಬಿದವಳಲ್ಲ. ಆದರೂ ಕುಂಬಾರಗೇರಿಯ ದಾರಿಯುದ್ದಕ್ಕೂ, ಪಾಪ ಕೂಸಿನ ಕಿವಿ ಎಂದು ನನಗೆ ನಾನೇ ಹೇಳಿಕೊಂಡು ನಡೆದೆ.

ಮಡಕೆ ಸುಡುವ ಆವಿಗೆಯ ಪಕ್ಕ ಒಡೆದ ಹಣತೆ ಚೂರುಗಳನ್ನು ಆರಿಸಿಕೊಡುತ್ತ ಕುಂಬಾರ ಮುದುಕಿ ಕೇಳಿದಳು: “ಯಾರ್ಗಮ್ಮಣ್ಣಿ? ನಿಮ್ಗಾ?”

“ಹೂಂ” ಎಂದೆ.

“ಎಷ್ಟು ತಿಂಗ್ಳು?”

“ನಾಲ್ಕು.”

“ಸಿವ ಒಳ್ಳೇದ್ ಮಾಡ್ಲಿ. ಮೊಕದಾಗೇ ಕಾಣ್ತೈತೆ, ಗಂಡೇ ಆಯ್ತದೆ ತಕ್ಕಳಿ.”

ಆ ಮಾತು ಕೇಳುವುದಕ್ಕಾಗಿ ನಾನು ವಾರಕ್ಕೆರಡು ಬಾರಿ ಅಲ್ಲಿಗೆ ಹೋದೆ. ಓರಗಿತ್ತಿಗೆ ಐದು ತುಂಬಿದಾಗ ಮುದುಕಿಯ ಹತ್ತಿರ ನನಗೂ ಐದು ಎಂದೆ, ಆರು ತುಂಬಿದಾಗ ಆರು. ಮುದುಕಿ ನನ್ನ ಸೊಂಟದ ಕಡೆ ನೋಡಿ, “ಕೆಲವ್ರಿಗೆ ಒಳಗೇ ಬೆಳೀತದೆ” ಎಂದು ಸಮಾಧಾನ ಮಾಡುತ್ತಿದ್ದಳು.

ಸುಟ್ಟ ಮಣ್ಣು ಹೊಟ್ಟೆ ಸೇರಿದರೆ ಹಸಿವು ಸಾಯುತ್ತದೆ. ಅವಳು ಹಾಲಿನ ಲೋಟವನ್ನು ಬಾಯಿಗಿಟ್ಟು ಒಂದೇ ಒಂದು ಗುಟುಕು ಕುಡಿದು ನನ್ನ ಕಡೆ ತಳ್ಳುವಳು. “ಚಾಲು ಅಕ್ಕಯ್ಯಾ, ಸಾಕು, ನೀ ಕುಡಿ. ಲೋಟ ಖಾಲಿ ಇಲ್ದಿದ್ರೆ ಅತ್ತೆ ಬಯ್ತಾರೆ.” ಎಂಜಲೆಂದು ಮೊದಲ ದಿನ ಮುಖ ಸಿಂಡರಿಸಿದೆ. ಎರಡನೆಯ ದಿನ ಕುಡಿದೆ. ಉಂಡೆಯನ್ನೂ ಅವಳು ತುದಿ ಕಚ್ಚಿಯೇ ಕೊಡುತ್ತಿದ್ದಳು. ದಾಳಿಂಬೆಯಲ್ಲಿ ನಾಲ್ಕು ಕಾಳು ಅವಳಿಗೆ, ಮಿಕ್ಕದ್ದು ನನಗೆ. ಬಟ್ಟೆ ಕಟ್ಟಿ ನನ್ನಿಂದ ಕಾಯ್ದ ಹಣ್ಣು ಕೊನೆಗೆ ನನ್ನ ಬಾಯಿಗೇ ಬಂತಲ್ಲ ಎಂದು ಒಳಗೊಳಗೇ ಖುಷಿಪಟ್ಟೆ. ಆ ಖುಷಿ ನನಗೆ ಇವತ್ತಿಗೂ ಚೆನ್ನಾಗಿ ನೆನಪಿದೆ, ಹಣ್ಣಿನ ರುಚಿ ನೆನಪಿಲ್ಲ.

ನನ್ನ ತೋಳಿನ ಬಳೆ ಬಿಗಿಯಾಯಿತು. “ಸಣ್ಣೋಳು ತಿಂದಿದ್ದು ದೊಡ್ಡೋಳಿಗೆ ಅತ್ತುತ್ತೆ, ಇದೇನ್ ಚೋದ್ಯನೋ” ಎಂದು ಅತ್ತೆ ನಕ್ಕರು. ಎಲ್ಲರೂ ನಕ್ಕೆವು. ಅವಳೇ ಹೆಚ್ಚು ನಕ್ಕಳು.

ಏಳನೆಯ ತಿಂಗಳಿಗೆ ಅವಳು ಬೆಳ್ಳಗಾದಳು. ಬಯಕೆ ಊಟಕ್ಕೆ ಬಂದ ಹೆಂಗಸರು, ಬಸುರಿ ಕಳೆ ಅಂದ್ರೆ ಇದು ಕಣಮ್ಮ, ಪಾವಗಡದ ಬಿಸಿಲಲ್ಲಿ ಬೆಳೆದ ಹುಡುಗಿ ಹೆಂಗೆ ಬಿಳೀ ಮಲ್ಲಿಗೆ ಆಗವ್ಳೆ ಎಂದು ದೃಷ್ಟಿ ತೆಗೆದರು. ಕಾಲು ಊದಿಕೊಂಡಿದ್ದವು. ಹಿತ್ತಲಿನ ಮೂರು ಮೆಟ್ಟಿಲು ಹತ್ತಿದರೆ ಎದೆ ಹಿಡಿದು ಕೂರುತ್ತಿದ್ದಳು. ಅದು ರಕ್ತವಿಲ್ಲದ ಬಿಳುಪು ಎಂದು ಆ ಗುಂಪಿನಲ್ಲಿ ತಿಳಿದಿದ್ದವಳು ನಾನೊಬ್ಬಳೇ. ನಾಚಿಕೆ ಬಿಟ್ಟು ಬರೆಯುತ್ತೇನೆ: ಆ ಬಿಳುಪಿನ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು. ಕನ್ನಡಿ ಹಿಡಿದು ನನ್ನ ಕೆನ್ನೆ ನೋಡಿಕೊಂಡೆ.

ಬೇಸಿಗೆಯ ಒಂದು ನಡುಮಧ್ಯಾಹ್ನ ಸೂಲಗಿತ್ತಿ ಹೆಣ್ಣು ಕೂಸನ್ನು ಎತ್ತಿದಳು. ಅಂಗೈಯಗಲದ ಕೂಸು, ಅಳುವೂ ಸಣ್ಣದು. ಮಾಸು ಬಿತ್ತು, ರಕ್ತ ನಿಲ್ಲಲಿಲ್ಲ. ಸೂಲಗಿತ್ತಿಯ ಮುಖ ನೋಡಿ ಮೈದುನ ಜಟಕಾ ತರಲು ಓಡಿದ. ಆಸ್ಪತ್ರೆಯ ಲೇಡಿ ಡಾಕ್ಟರು ಬರುವ ಹೊತ್ತಿಗೆ ಚಾಪೆಯ ಕೆಳಗಿನ ಸಗಣಿ ನೆಲವೂ ಕೆಂಪಾಗಿತ್ತು.

ಅವರು ಅವಳ ಕಣ್ಣಿನ ಕೆಳರೆಪ್ಪೆಯನ್ನು ಬೆರಳಲ್ಲಿ ಎಳೆದು ನೋಡಿದರು. ಒಳಗೆ ಕಾಗದದಷ್ಟು ಬಿಳುಪು. ಸೂಜಿಮದ್ದು ತುಂಬುತ್ತ ನನ್ನ ಕಡೆ ತಿರುಗಿ, “ನೀವು ಓದಿದವರ ಹಾಗೆ ಕಾಣ್ತೀರಿ. ಬನ್ನಿ ಇಲ್ಲಿ. ಹೊಕ್ಕುಳ ಕೆಳಗೆ ಕೈಯಿಟ್ಟು ಉಜ್ಜಿ. ಗಟ್ಟಿಯಾಗೋವರೆಗೂ ಬಿಡಬೇಡಿ” ಎಂದರು.

ಒಂಬತ್ತು ತಿಂಗಳು ನಾನು ಕಣ್ಣಿಟ್ಟಿದ್ದ ಗರ್ಭ ನನ್ನ ಅಂಗೈ ಕೆಳಗೆ ಬಂತು. ನಾದಿ ಬಿಟ್ಟ ಹಿಟ್ಟಿನಷ್ಟು ಮೆತ್ತಗಿತ್ತು. ಉಜ್ಜಿದಾಗ ಮುದುಡಿಕೊಳ್ಳುವುದು, ಬಿಟ್ಟರೆ ಸಡಿಲುವುದು, ಸಡಿಲಿದ ಕೂಡಲೇ ರಕ್ತ. ಅವಳು ಕಣ್ಣು ಅರ್ಧ ತೆರೆದು, “ಅಕ್ಕಯ್ಯಾ, ಚಳಿ” ಎಂದಳು. ಹೊರಗೆ ಮಧುಗಿರಿ ಬೆಟ್ಟದ ಬಂಡೆ ಕಾದು ಕೆಂಡವಾಗಿದ್ದ ಹೊತ್ತು ಅದು.

ಆಗ ನನ್ನ ಕೈ ಒಮ್ಮೆ ನಿಂತಿತು. ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು. ತೋಳು ಸೋತು ನಿಂತಿತೋ, ಬೇರೆ ಏನಾದರೂ ನಿಲ್ಲಿಸಿತೋ, ಇಷ್ಟು ವರ್ಷವಾದರೂ ನನಗೆ ಗೊತ್ತಾಗಿಲ್ಲ. ಹಿಟ್ಟು ನಾದುವಾಗ, ಬಟ್ಟೆ ಹಿಂಡುವಾಗ ಕೈ ಈಗಲೂ ಆ ಗಳಿಗೆಗೆ ಹೋಗಿ ನಿಲ್ಲುತ್ತದೆ. ಡಾಕ್ಟರು “ನಿಲ್ಲಿಸಬೇಡಿ” ಎಂದು ಗದರಿದರು. ಮತ್ತೆ ಉಜ್ಜಿದೆ. ಬಹಳ ಹೊತ್ತಿನ ಮೇಲೆ ಅದು ಸುಲಿದ ತೆಂಗಿನಕಾಯಿಯಷ್ಟು ಗಟ್ಟಿಯಾಗಿ ಕೈಗೆ ಸಿಕ್ಕಿತು. ರಕ್ತ ನಿಂತಿತು.

ಕೈ ತೊಳೆಯುತ್ತ ಡಾಕ್ಟರು ಕೇಳಿದರು, “ಬೇರೆಯವರು ಇಷ್ಟು ರಕ್ತ ಹೋದ್ರೂ ತಡ್ಕೋತಾರೆ. ಇವರ ಮೈಯಲ್ಲಿ ಮೊದಲೇ ಇರಲಿಲ್ಲ. ಏನು ಕೊಡ್ತಿದ್ರಿ ತಿನ್ನೋಕೆ?”

“ಆಲು, ಎಳ್ಳುಂಡೆ, ದಾಳಿಂಬ್ರೆ. ಒಂದಿನ ತಪ್ಸಿಲ್ಲ ತಾಯಿ” ಎಂದರು ಅತ್ತೆ.

“ಹಾಗಿದ್ರೆ ಅದೆಲ್ಲ ಎಲ್ಲಿಗೆ ಹೋಯ್ತು?”

ನಾನು ಸೆರಗನ್ನು ತೋಳಿನ ಮೇಲೆ ಎಳೆದುಕೊಂಡೆ.

ಕೂಸನ್ನು ತೂಗಿ ನೋಡಿ ಅವರು ಇನ್ನೊಂದು ಮಾತು ಹೇಳಿದರು. “ಎರಡು ಜೀವ ಅಂತೀರಲ್ಲ, ಹೆಣ್ಣು ಕೂಸಾದ್ರೆ ಮೂರು ಅಂತ ಇಟ್ಕೊಳ್ಳಿ. ಇದರ ಹೊಟ್ಟೇಲಿ ಇದು ಮುಂದೆ ಹೆರೋ ಮಕ್ಕಳ ಬೀಜ ಈಗಲೇ ಇದೆ. ತಾಯಿ ತಿಂದ ತುತ್ತಿನಲ್ಲಿ ಮೊಮ್ಮಗುವಿಗೂ ಪಾಲಿರುತ್ತೆ.”

ಹಾಗಾದರೆ ಮೊಮ್ಮಗುವಿನ ಪಾಲನ್ನೂ ನಾನೇ ತಿಂದಿದ್ದೆ. ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು: ಅವಳ ಒಂದು ಹೊಟ್ಟೆಯಲ್ಲಿ ಮೂರು ತಲೆಮಾರು. ನನ್ನದರಲ್ಲಿ ಒಂದು ತಟ್ಟೆ ಎಳ್ಳುಂಡೆ.

ಓರಗಿತ್ತಿ ಬದುಕಿದಳು. ಮತ್ತೆರಡು ಸಲ ಬಸುರು ನಿಂತರೂ ಉಳಿಯಲಿಲ್ಲ. ಮಗಳು ಬೆಳೆದಳು, ಸಣ್ಣಗೆ, ಬೆಳ್ಳಗೆ. ಓರಗೆಯ ಹುಡುಗಿಯರು ಬೆಟ್ಟದ ಅರ್ಧ ಹತ್ತಿದರೂ ಇವಳು ಬುಡದಲ್ಲಿ ಕೂತು ಏದುಸಿರು ಬಿಡುವಳು. ನನ್ನನ್ನು ದೊಡ್ಡಮ್ಮ ಎಂದಳು. ಅವಳಿಗೆ ಓದು ಕಲಿಸಿದವಳು ನಾನು, ಜಡೆ ಹಾಕಿದವಳು ನಾನು. ಜ್ವರ ಬಂದಾಗ ಮಾತ್ರ ಅವಳು ಅಮ್ಮನ ಮಗ್ಗುಲಿಗೇ ಹೋಗಿ ಮಲಗುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ.

ಯುದ್ಧದ ಕಾಲ, ರೇಷನ್ ಅಕ್ಕಿಗೆ ಸಾಲು ನಿಲ್ಲುತ್ತಿದ್ದ ದಿನಗಳು. ಅತ್ತೆ ತೀರಿಕೊಂಡಿದ್ದರು. ಮಗಳು ಕೊರಟಗೆರೆಗೆ ಮದುವೆಯಾಗಿ ಹೋದವಳು ಏಳು ತಿಂಗಳ ಬಸುರಿಯಾಗಿ ಹೆರಿಗೆಗೆ ಬಂದಳು. ಬಂದ ಮೂರನೆಯ ದಿನ ಅವಳ ತುಟಿಯ ಅಂಚಿನಲ್ಲಿ ಬೂದುಬಣ್ಣದ ಮಣ್ಣಿನ ಗೆರೆ ಕಂಡೆ.

“ದೊಡ್ಡಮ್ಮ, ಅಮ್ಮಂಗೆ ಹೇಳ್ಬೇಡ. ಕೊರಟಗೆರೆಯಿಂದ ತಂದಿದ್ದು ಮುಗ್ದೋಯ್ತು. ಇಲ್ಲಿ ಎಲ್ಲಾದ್ರೂ ಸಿಗುತ್ತಾ?”

ಅದೇ ಹಿತ್ತಲು. ನಾನು ಒರಳಿನ ಮೇಲೆ ಕೂತೆ. ಆಮೇಲೆ ಅವಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ, ಒಲೆಯ ಮುಂದಿದ್ದ ಅವಳ ತಾಯಿಯ ಎದುರಿಗೆ ಕೂರಿಸಿ ಎಲ್ಲ ಹೇಳಿದೆ. ಮಣ್ಣು ತಂದದ್ದು, ಕುಂಬಾರ ಮುದುಕಿಗೆ ಹೇಳಿದ ಸುಳ್ಳು, ಹಾಲು ಕುಡಿದದ್ದು, ಮಣ್ಣು ಏನು ಮಾಡುತ್ತದೆ ಎಂದು ಮೊದಲೇ ತಿಳಿದಿದ್ದದ್ದು. ಕೈ ನಿಂತದ್ದು ಮಾತ್ರ ಬಾಯಿಗೆ ಬರಲಿಲ್ಲ.

ಓರಗಿತ್ತಿ ಒಲೆಯ ಸೌದೆ ಹಿಂದಕ್ಕೆಳೆದಳು.

“ಆಲು ನೀನಾಗಿ ಕುಡ್ದಿದ್ದಲ್ಲ, ನಾನೇ ಕೊಟ್ಟಿದ್ದು” ಎಂದಳು. “ಬಸುರಿ ಎಂಜ್ಲು ತಿಂದ್ರೆ ಮಕ್ಳಾಗ್ದೋರ್ಗೂ ಆಗ್ತದೆ ಅಂತ ನಮ್ಮೂರ್ನಾಗೆ ಅಂತಾರೆ. ನಿಂಗೂ ಒಂದಾಗ್ಲಿ ಅಂತ ದಿನಾ ಒಂದು ಗುಟುಕು ಕುಡ್ದು ಕೊಡ್ತಿದ್ದೆ ಅಕ್ಕಯ್ಯಾ. ನೀನು ದಪ್ಪಗಾಗಿದ್ದು ನೋಡಿ, ಆಯ್ತೇನೋ ಅಂದ್ಕಂಡಿದ್ದೆ.”

ಮಣ್ಣಿನ ಬಗ್ಗೆ ಅವಳು ಏನೂ ಹೇಳಲಿಲ್ಲ. ಅಂದೂ ಹೇಳಲಿಲ್ಲ, ಆಮೇಲೂ ಇಲ್ಲ. ಅವಳು ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಮಕ್ಕಳ ವಿಷಯದಲ್ಲಷ್ಟೇ ಅವಳು ನನಗಿಂತ ಮೇಲೆ ಎಂದುಕೊಂಡಿದ್ದೆ. ಒಳ್ಳೆಯತನದಲ್ಲೂ ನನ್ನನ್ನು ಹಿಂದೆ ಹಾಕಿ ಹೋಗಿದ್ದಳು, ಅದೂ ಅಷ್ಟು ವರ್ಷಗಳ ಹಿಂದೆಯೇ.

ಮರುದಿನ ಬೆಳಿಗ್ಗೆ ಅವಳು ಮಗಳ ಹಾಲಿನ ಲೋಟ ತಂದು ನನ್ನ ಕೈಯಲ್ಲೇ ಇಟ್ಟಳು. “ನೀನೇ ಕುಡ್ಸು.” ಬಿಂದಿಗೆ ಎತ್ತಿಕೊಂಡು ನೀರಿಗೆ ಹೋದಳು.

ಹೆರಿಗೆಯವರೆಗೂ ನಾನು ಆ ಹುಡುಗಿಯ ಎಲೆಯ ಮುಂದಿನಿಂದ ಏಳಲಿಲ್ಲ. ಆಸ್ಪತ್ರೆಯಿಂದ ಹುಳದ ಔಷಧಿ, ಹಲ್ಲು ಕಪ್ಪಾಗಿಸುವ ಕಬ್ಬಿಣದ ಮದ್ದು ತಂದೆ. ರಾಗಿ ಮುದ್ದೆ, ನುಗ್ಗೆಸೊಪ್ಪು, ಬೆಲ್ಲ, ಎಲ್ಲ ಅವಳ ಬಾಯಿಗೆ ಹೋಗುವುದನ್ನು ಕಣ್ಣಾರೆ ನೋಡಿದೆ. ಅವಳು ಮಿಗಿಸಿದ್ದನ್ನು ಹಸುವಿಗೆ ಹಾಕಿದೆನೇ ಹೊರತು ನಾಲಿಗೆಗೆ ಸೋಕಿಸಲಿಲ್ಲ. “ದೊಡ್ಡಮ್ಮ ಜೈಲಿನ ಜಮಾದಾರ ಇದ್ದಂಗೆ” ಎಂದು ಅವಳು ತಾಯಿಗೆ ದೂರು ಹೇಳುತ್ತಿದ್ದಳು. ದಿನಾ ಬೆಳಿಗ್ಗೆ ಜಗುಲಿಯ ಬೆಳಕಿನಲ್ಲಿ ಕೂರಿಸಿ ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡುತ್ತಿದ್ದೆ. ಕಾಗದದ ಬಣ್ಣ ಹೋಗಿ ತುಸು ನಸುಗೆಂಪು ಬರಲು ತಿಂಗಳ ಮೇಲೆ ಹಿಡಿಯಿತು.

ಹೆರಿಗೆ ಆಸ್ಪತ್ರೆಯಲ್ಲಾಯಿತು. ಬಾಗಿಲ ಹೊರಗೆ ನಿಂತಿದ್ದ ನನ್ನ ಬಲಗೈ ತಾನಾಗಿ ಗಾಳಿಯಲ್ಲಿ ಉಜ್ಜುತ್ತಿತ್ತಂತೆ. ಓರಗಿತ್ತಿ ಅದನ್ನು ಹಿಡಿದುಕೊಂಡಳು. ಹೆಣ್ಣು ಕೂಸು, ಅದರ ತಾಯಿ ಹುಟ್ಟಿದಾಗ ಇದ್ದುದಕ್ಕಿಂತ ಹೆಚ್ಚು ತೂಕ, ಜೋರು ಗಂಟಲು. ರಕ್ತ ಎಷ್ಟು ಹೋಗಬೇಕೋ ಅಷ್ಟೇ ಹೋಗಿ ನಿಂತಿತು.

ಹತ್ತನೆಯ ದಿನ ಮನೆಯಲ್ಲಿ ಅಜ್ಜಿ, ಮಗಳು, ಮೊಮ್ಮಗಳು ಮೂವರೂ ಒಂದೇ ಮಂಚದ ಮೇಲೆ. ಮೂವರಿಗೂ ಒಂದೇ ಗಲ್ಲ. ನಾನು ಕಂಬಕ್ಕೊರಗಿ ನೋಡುತ್ತಿದ್ದೆ. ಹಳೆಯ ಕಿಚ್ಚು ಎಲ್ಲಿಗೂ ಹೋಗಿರಲಿಲ್ಲ.

“ದೊಡ್ಡಮ್ಮ, ಇವತ್ತು ಕಣ್ಣು ನೋಡಲ್ವಾ?” ಎಂದಳು ಬಾಣಂತಿ.

ಹೋಗಿ ಅವಳ ಕೆಳರೆಪ್ಪೆ ಎಳೆದೆ. ಒಳಗೆ ಕೆಂಪು ಇತ್ತು. ಓರಗಿತ್ತಿಯೂ ಬಗ್ಗಿ ಇಣುಕಿದಳು.

“ಬೆಳಕಿಗೆ ಅಡ್ಡ ಬರ್ತೀಯ, ಆಕಡೆ ಸರ್ಕೋ” ಎಂದೆ.

ಅವಳು ಸರಿದು ಕೂತಳು.