ಗೋಣಿದಾರದ ಹೊಲಿಗೆ

ಮೊನ್ನೆ ಮಗಳು ಆಟದ ಅಂಗಿಯನ್ನು ಒಗೆಯಲು ಎಸೆದಳು. ಬೆವರು, ಕೆಮ್ಮಣ್ಣಿನ ವಾಸನೆ... ರಾಯದುರ್ಗದ ನಮ್ಮ ಎದುರುಮನೆಯ ಡ್ರಿಲ್ ಮೇಷ್ಟ್ರು ನೆನಪಾದರು. ಜೊತೆಗೆ ಹಳೆಯ ಅಳುಕೂ ಎದ್ದಿತು.

ಜೀನ್ಸ್ ಹೊಲಿಯುವ ಕೆಲಸಕ್ಕೆಂದು ನಾವು ಅಗಳಿಯಿಂದ ಅಲ್ಲಿಗೆ ಬಂದು ವರ್ಷ ತುಂಬಿರಲಿಲ್ಲ. ಮೇಷ್ಟ್ರಿಗೆ ಒಂದು ಹುಚ್ಚು. ಹಳೆಯ ಹಾಕಿ ಆಟಗಾರರು ಪಂದ್ಯದಲ್ಲಿ ತೊಟ್ಟ ಅಂಗಿಗಳನ್ನು ಊರೂರು ತಿರುಗಿ, ಬೇಡಿ ತರುತ್ತಿದ್ದರು. ಹೊಸದು ಕೊಟ್ಟರೆ ಮುಟ್ಟುತ್ತಿರಲಿಲ್ಲ. ಆಡಿ ಹರಿದದ್ದೇ ಆಗಬೇಕು. "ಹಳೇ ಬಟ್ಟಿಗೆ ಪಾತ್ರಿ ಕೊಡಾಕಿಗೆ ಹಾಕಿದ್ರ ಒಂದು ಕೊಳಗನಾರ ಬರ್ತಿತ್ತು" ಎಂದು ಅವರ ಹೆಂಡತಿ ಕಾಲೆಳೆಯುತ್ತಿದ್ದರು.

ಒಂದು ಶನಿವಾರ ಬಳ್ಳಾರಿಗೆ ಹೊರಟ ಮೇಷ್ಟ್ರು ಆ ಅಂಗಿಗಳ ಟ್ರಂಕನ್ನು ನಮ್ಮ ಮಾಳಿಗೆಗೆ ತಂದಿಟ್ಟರು. "ಬಿಸಿಲಿಗೆ ಹಾಕವ್ವ, ನುಸಿ ಹಿಡಿದಾವು. ನಾಳೆ ಒಬ್ಬ ದೊಡ್ಡ ಆಟಗಾರ್ರನ್ನ ಕರ್ಕೊಂಡು ಬರ್ತೀನಿ. ಅವರ ಅಂಗಿನೂ ಇದರಾಗ ಐತಿ."

ಒಂದು ಹಸಿರಂಗಿಯ ಹೆಗಲು ಹರಿದು, ಯಾರೋ ಗೋಣಿದಾರದಲ್ಲಿ ಅಡ್ಡಾದಿಡ್ಡಿ ಹೊಲಿದಿದ್ದರು. ಒಂದು ದಾರ ಜೋತಾಡಿದರೂ ಮಾಲು ವಾಪಸು ಬರುವ ಗಾರ್ಮೆಂಟ್ಸಿನಲ್ಲಿ ಪಳಗಿದ ಕೈ ನನ್ನದು, ಸುಮ್ಮನಿರಬೇಕಲ್ಲ! ಬಿಚ್ಚಿ, ಹಸಿರು ದಾರದಲ್ಲಿ ಗೆರೆ ಎಳೆದಂತೆ ಹೊಲಿದೆ. ಸಂಜೆ ಮೇಷ್ಟ್ರ ಹೆಂಡತಿಗೆ ಹೆಮ್ಮೆಯಿಂದ ತೋರಿಸಿದೆ.

"ಅಯ್ಯೋ, ಯಾಕ ಬಿಚ್ಚಿದೆವ್ವಾ? ನಂಬರು ಎಂದೋ ಉದುರೈತಿ. ಆಟದ ನಡುವ ನಾಳೆ ಬರೋ ಆಟಗಾರ್ರು ತಾವಾ ಹೊಲ್ಕೊಂಡಿದ್ದದು. ಅದೊಂದಾ ಗುರುತು! ನಾ ಏನೂ ಹೇಳಂಗಿಲ್ಲ, ನೀನಾ ಹೇಳು."

"ನಾನೇ ಯೇಳ್ತೀನಿ ಕಣಕ್ಕ" ಎಂದೆ. ಬಿಚ್ಚಿದ ದಾರ ಆಗಲೇ ಒಲೆಗೆ ಹೋಗಿತ್ತು. ಬೇರೆ ಗೋಣಿದಾರ ತಂದು ಮತ್ತೆ ಹೊಲಿದೆ, ಬಿಚ್ಚಿದೆ, ಹೊಲಿದೆ. ಎಷ್ಟು ಸಲ ಹೊಲಿದರೂ ಹೊಲಿಗೆ ನೆಟ್ಟಗೇ ಬರುತ್ತಿತ್ತು. ಕೆಟ್ಟದಾಗಿ ಹೊಲಿಯಲು ನನ್ನ ಕೈಗೆ ಬರಲೇ ಇಲ್ಲ... ಮರುದಿನ ಪ್ರತಿ ಬಸ್ಸಿನ ಸದ್ದಿಗೂ ಬಾಗಿಲಿಗೆ ಓಡುತ್ತಿದ್ದೆ.

ಮಧ್ಯಾಹ್ನ ಇಬ್ಬರೂ ಬಂದರು. ಆ ಹಿರಿಯ ಆಟಗಾರರು ಅಂಗಿಯ ಹೆಗಲ ಮೇಲೆ ಬೆರಳಾಡಿಸಿ ಬಹಳ ಹೊತ್ತು ನೋಡಿದರು. "ಇದು ನಂದಲ್ರಿ. ನನಗ ಇಷ್ಟು ಚೆಂದ ಎಲ್ಲಿ ಹೊಲಿಯಾಕ ಬರ್ತಿತ್ತು?" ಎಂದು ನಕ್ಕರು. ಕಣ್ಣು ತುಂಬಿತ್ತು.

ಮೇಷ್ಟ್ರು ಹೊಲಿಗೆ ನೋಡಿದರು, ಬಾಗಿಲಲ್ಲಿ ನಿಂತಿದ್ದ ನನ್ನನ್ನೂ ನೋಡಿದರು. ನಾನು ಬಾಯಿ ಬಿಡುವ ಮೊದಲೇ, "ನಂದಾ ತಪ್ಪಾತ್ರಿ, ಬ್ಯಾರೆಯವರದ್ದು ತಂದೀನಿ" ಎಂದುಬಿಟ್ಟರು.

ಆಮೇಲೂ ಅವರು ನನ್ನನ್ನು ಬೈಯಲಿಲ್ಲ... ಬೈದಿದ್ದರೆ ಹಗುರಾಗುತ್ತಿದ್ದೆ. ಬಳ್ಳಾರಿಗೆ ಹೋಗಿ ಆ ಹಿರಿಯರಿಗೆ ನಿಜ ಹೇಳೋಣ, ನಾಳೆ ಹೇಳೋಣ ಎನ್ನುತ್ತಲೇ ನಾವು ಕೆಲಸ ಹುಡುಕಿಕೊಂಡು ಹಿಂದೂಪುರಕ್ಕೆ ಬಂದುಬಿಟ್ಟೆವು. ಮೇಷ್ಟ್ರು ತೀರಿಕೊಂಡರು. ಆ ಹಿರಿಯರೂ ಈಗಿಲ್ಲವೆಂದು ಮೇಷ್ಟ್ರ ಹೆಂಡತಿ ಫೋನಿನಲ್ಲಿ ಹೇಳಿದರು. ತಮ್ಮ ಅಂಗಿಯನ್ನೇ ಕೈಯಲ್ಲಿ ಹಿಡಿದು, ನನ್ನದಲ್ಲ ಎಂದುಕೊಂಡೇ ಹೋದರಲ್ಲ... ಅದನ್ನು ಬಿಚ್ಚಿದವಳು ನಾನು ಎಂದು ಹೇಳಲು ಈಗ ಯಾರ ಮನೆಗೆ ಹೋಗಲಿ?